ಖಾಜಾಸಾಬರ ಗೋಡೆಯ ಮೇಲಿನ ಪೆಟ್ಟಿಗೆ

ಖಾಜಾಸಾಬರ ನೆನಪಿಗೆ ಇಲ್ಲಿ ಸೇರಿರುವ ಹಿರಿಯರಿಗೆ, ಅಕ್ಕತಂಗಿಯರಿಗೆ ನಮಸ್ಕಾರ. ಅವರ ಮಡದಿ ಹುಸೇನ್ ಬೀ ಅಕ್ಕನವರಿಗೂ ಮಗಳು ನೂರೀನ್‌ಗೂ ಕೈಮುಗಿಯುತ್ತೇನೆ — ನಿಮ್ಮ ಮುಂದೆ ನಿಂತು ಮಾತಾಡುವುದು ನನಗೆ ಸುಲಭವಲ್ಲ.

ಇವತ್ತು ಸೋಮವಾರ, ನನ್ನ ಉಪವಾಸ. ಅಂಗಳ ಸಾರಿಸಿ, ಎಮ್ಮೆ ಹಿಂಡಿ, ಲಿಂಗಪೂಜೆ ಮುಗಿಸಿ ಬಂದಿದ್ದೇನೆ. ದನಿ ಸಣ್ಣದಾದರೆ ಮನ್ನಿಸಿ. ಸೋಮವಾರ ಸಾಬರು ಎಲ್ಲರಿಗೂ ಚಹಾ ತರಿಸಿ, ನನ್ನ ಮುಂದೆ ಮಾತ್ರ ಬಾಳೆಹಣ್ಣು ಇಡುತ್ತಿದ್ದರು. ಇವತ್ತು ಯಾರೂ ಇಡಲಿಲ್ಲ —

ನಾನು ನಾಗಲಿಂಗಮ್ಮ. ಖಾಜಾಸಾಬರ ರಿವೈಂಡಿಂಗ್ ಅಂಗಡಿಯಲ್ಲಿ ಮೋಟರಿಗೆ ತಾಮ್ರದ ತಂತಿ ಸುತ್ತುವವಳು. ಸುಟ್ಟ ಮೋಟರು ಬಂದರೆ ಅವರು ಬಿಚ್ಚುತ್ತಿದ್ದರು, ನಾನು ಸುತ್ತುತ್ತಿದ್ದೆ. ಆವತ್ತು ಶುಕ್ರವಾರ, ನಮಾಜು ಮುಗಿಸಿ ಬಂದವರು ಎದೆನೋವು ಎಂದು ಕೂತರು. ಹೊಸಪೇಟೆಯ ಆಸ್ಪತ್ರೆ ಮುಟ್ಟುವುದರೊಳಗೆ ಹೋಗಿಬಿಟ್ಟರು.

ಅವರ ಗುಣ ಹೇಳಲು ಬಂದೆ. ಆದರೆ ಒಂದು ಉತ್ತರವನ್ನೂ ಕೊಡಬೇಕಾಗಿದೆ. ನಮ್ಮ ಅಂಗಡಿಯ ಗೋಡೆಗೆ, ಟ್ರಾನ್ಸ್‌ಫಾರ್ಮರ್ ಪಕ್ಕದಲ್ಲಿ, ಕರೆಂಟಿನವರು ಪರೀಕ್ಷೆಗೆಂದು ಕೂರಿಸಿದ ಪೆಟ್ಟಿಗೆ ಇದೆಯಲ್ಲ — ಅದಕ್ಕೆ ಜಾಗ ಕೊಟ್ಟವರು ಸಾಬರು. ಈಗ ಇಂಜಿನಿಯರ್ ಸುಕನ್ಯಾ ಮೇಡಂ ಕೇಳಿ ಕಳಿಸಿದ್ದಾರೆ: ಅಲ್ಲೇ ಇರಲೋ, ಇಟ್ಟಿಗಿ ಊರಿಗೆ ಒಯ್ಯಲೋ? ಹುಸೇನ್ ಬೀ ಅಕ್ಕ, "ಅಂಗ್ಡಿ ನಡ್ಸಾಕಿ ನೀನ, ನೀನ ಹೇಳವಾ" ಎಂದು ನನಗೇ ಬಿಟ್ಟಿದ್ದಾರೆ.

ನಮ್ಮೂರಿಗೆ ಕರೆಂಟು ಮೂರು ತಂತಿಯಲ್ಲಿ ಬರುತ್ತದೆ. ಸಂಜೆ ಯಾವ ತಂತಿಯಲ್ಲಿ ಬೆಳಕು ಚೆನ್ನಾಗಿದೆಯೋ, ಎಲ್ಲರ ಮನೆಯ ತಂತಿ ಬದಲಿಸುವ ಫೇಸ್ ಸ್ವಿಚ್ಚೂ ಆ ಕಡೆಗೇ ತಿರುಗುತ್ತದೆ. ಒಬ್ಬರು ತಿರುಗಿಸಿದರೆ ಓಣಿಯೇ ತಿರುಗಿಸುತ್ತದೆ. ಆ ತಂತಿ ಬಸವಳಿಯುತ್ತದೆ, ಅದರ ಮೇಲಿನ ಮೋಟರುಗಳು ಸುಡುತ್ತವೆ, ಉಳಿದೆರಡು ಖಾಲಿ. ಮಠದ ದಾಸೋಹದಲ್ಲಿ ಮೂರು ಸಾಲು ಹಾಕಿದರೂ ಎಲ್ಲರೂ ಪಾಯಸ ಮೊದಲು ಬರುವ ಸಾಲಿಗೇ ನುಗ್ಗಿದ ಹಾಗೆ. ಪೆಟ್ಟಿಗೆ ಏನು ಮಾಡುತ್ತದೆ? ಕೂತವರನ್ನು ಎಬ್ಬಿಸುವುದಿಲ್ಲ. ಖಾಲಿ ಸಾಲಿನ ಬಡಿಸುವವರನ್ನು ತುಂಬಿದ ಸಾಲಿಗೆ ಕಳಿಸುತ್ತದೆ. ಒಲೆ ಅದೇ, ಪಾತ್ರೆ ಅದೇ — ಉಣ್ಣುವವರು ಹೆಚ್ಚು. ಹೊಸ ಟ್ರಾನ್ಸ್‌ಫಾರ್ಮರ್ ಬೇಡ, ಹೊಸ ತಂತಿ ಬೇಡ. ಒಳಗಿರುವ ಸಣ್ಣ ಸಣ್ಣ ಎಲೆಕ್ಟ್ರಾನಿಕ್ ಸ್ವಿಚ್ಚುಗಳು ರೆಪ್ಪೆ ಬಡಿಯುವುದರೊಳಗೆ ಎಷ್ಟೋ ಸಲ ಹತ್ತಿ ಆರಿ, ಹೊರೆ ಹಂಚುತ್ತವಂತೆ. ಮೇಡಂ ಹೇಳಿದ್ದರಲ್ಲಿ ನನಗೆ ತಿಳಿದದ್ದು ಇಷ್ಟು.

ಆದರೆ ಅದಕ್ಕೂ ಒಂದು ಮಿತಿ ಇದೆ. ಇಡೀ ಊರು ಒಂದೇ ತಂತಿಗೆ ಬಿದ್ದರೆ ಅದು ತಾನೇ ಆರಿ ಕೂರುತ್ತದೆ. ಮೊದಮೊದಲು ಹಾಗೇ ಆಯಿತು. ಡಬ್ಬಿ ದಂಡ ಎಂದು ಬೈದೆವು.

ಆಗ ಸಾಬರು ಅಂಗಡಿಯ ಫೇಸ್ ಸ್ವಿಚ್ಚನ್ನೇ ಕಿತ್ತು — ಹೀಗೆ, ಅಂಗೈಯಲ್ಲಿ ಹಿಡಿದುಕೊಂಡು — ಓಣಿ ಓಣಿ ತಿರುಗಿದರು. "ನಂದು ಕಿತ್ತೀನಿ ನೋಡ್ರಿ. ನೀವು ಕೀಳಬ್ಯಾಡ್ರಿ, ಮುಟ್ಟಬ್ಯಾಡ್ರಿ, ಸಾಕು."

ಹಿಟ್ಟಿನ ಗಿರಣಿಯ ದುರುಗಣ್ಣ — ಅಲ್ಲೇ ಕೂತಿದ್ದಾರೆ — ಕೇಳಿದರು: "ಖಾಜಾ, ಮೋಟ್ರು ಸುಡ್ಲಿಲ್ಲಂದ್ರ ನೀ ಏನ್ ತಿಂತೀಲೇ?"

"ನಿನ್ ಗಿರಣ್ಯಾಗಿನ ಹಿಟ್ಟು ತಿಂತೀನಿ. ನಿನ್ ಮೋಟ್ರು ಉಳಿಸಿದ್ದಕ್ಕ ಬಿಟ್ಟಿ ಕೊಡಂಗಿಲ್ಲೇನ್ಲೇ?"

ಎಲ್ಲರೂ ನಕ್ಕರು. ನಾನು ನಗಲಿಲ್ಲ. ಅಂಗಡಿಗೆ ಬಂದ ಮೇಲೆ ಜಗಳ ತೆಗೆದೆ. "ಸಾಬ್ರ, ಊರ ಮುಂದ ದೊಡ್ಡ ಮನುಷಾರಾದ್ರಿ. ನಾ ಇನ್ನ ಏನ್ ಸುತ್ಲಿ? ಮಲ್ಲಿಗಿ ದಂಡಿ ಕಟ್ಕೊಂತ ಕುಂದರ್ಲೇನು?"

ಬೆಂಚಿನ ಮೇಲೆ ಒಂದು ಮೋಟರಿತ್ತು, ಒಳಗೆಲ್ಲ ಕಪ್ಪಾಗಿತ್ತು. ತಂತಿಯನ್ನು ಬೆರಳಲ್ಲಿ ಸವರಿ, ಅದನ್ನು ನನ್ನ ಕಡೆ ತಿರುಗಿಸಿದರು.

"ಇದನ್ನ ಯಾರು ಸುತ್ಯಾರ?"

"ನಾನ."

"ಚಲೋ ಸುತ್ತಿದ್ದಿಲ್ಲ?"

"ಚಲೋನ ಸುತ್ತಿದ್ದೆ."

"ಮತ್ತ ಹಿಂಗ್ಯಾಕ ಬಂತು? ಓಲ್ಟೇಜ್ ಇಲ್ದ ತಿಣುಕಿ ತಿಣುಕಿ ಸುಟ್ಟೈತಿ. ಹೊಟ್ಟಿ ಮಾತು ಬ್ಯಾರೆ, ನಾಗಲಿಂಗಮ್ಮ. ನಮ್ ಕೈಯಾಗಿನ ಕೆಲ್ಸ ಹಿಂಗ ಕರ್ರಗಾಗಿ ಹೊಳ್ಳಿ ಬಂದ್ರ ನನಗ ನಾಚ್ಗಿ ಆಗ್ತೈತಿ."

ಆವತ್ತು ಒಪ್ಪಿದೆ ಎಂದರೆ ಸುಳ್ಳಾಗುತ್ತದೆ.

ನೀವು ಸ್ವಿಚ್ಚು ಮುಟ್ಟುವುದು ಬಿಟ್ಟಿರಿ, ಪೆಟ್ಟಿಗೆ ನಡೆಯಿತು. ಗಿರಣಿ ತಿರುಗುವಾಗಲೂ ಮಕ್ಕಳ ಪುಸ್ತಕದ ಮೇಲೆ ಬೆಳಕು ನಿಂತಿತು. ನಮ್ಮ ಬೆಂಚು ಮಾತ್ರ ಎಷ್ಟೋ ದಿನ ಖಾಲಿ. ಬೆಂಚು ಖಾಲಿಯಾದರೆ ಅಕ್ಕನ ಮನೆಗೂ ಕಷ್ಟ, ನಮ್ಮ ಮನೆಗೂ ಕಷ್ಟ — ಇದನ್ನು ಮುಚ್ಚಿಡಲಾರೆ. ಒಯ್ಯಿರಿ ಎಂದು ಒಂದು ಮಾತು ಹೇಳಿದರೆ ಸುಟ್ಟ ಮೋಟರುಗಳು ಮತ್ತೆ ಬರುತ್ತವೆ. ಶಿವನ ಮುಂದೆ ಕೂತು ಕೇಳಿದೆ. ಆ ಕಪ್ಪಾದ ತಂತಿಯನ್ನು ಬೆರಳಲ್ಲಿ ಸವರಿ ನೋಡುತ್ತಿದ್ದ ಸಾಬರೇ ಕಣ್ಣ ಮುಂದೆ ಬಂದರು.

ಸಾಬರು ಹೋದ ಮೇಲೆ ಕೆಲವು ಓಣಿಗಳಲ್ಲಿ ಸ್ವಿಚ್ಚು ಮತ್ತೆ ತಿರುಗುತ್ತಿದೆ. ಬೇಡ. ಅವರ ಫೋಟೋಗೆ ಹಾರ ಹಾಕಿದ ಕೈಯಿಂದ ಅದೊಂದು ಕೆಲಸ ಬೇಡ. ನಿಮ್ಮ ಫ್ಯಾನು, ಮಿಕ್ಸಿ ಕೆಟ್ಟರೆ ತನ್ನಿ. ಅಂಗಡಿ ತೆರೆದಿರುತ್ತದೆ.

ಈಗ ಎಲ್ಲರೂ ಎದ್ದು ನಿಲ್ಲೋಣ. ಅವರವರ ದೇವರನ್ನು ನೆನೆದು, ಖಾಜಾಸಾಬರಿಗಾಗಿ ಸ್ವಲ್ಪ ಹೊತ್ತು ಮಾತಿಲ್ಲದೆ ಇರೋಣ. ಲೈನ್‌ಮನ್ ಮಾರೇಶ್, ನೀನೂ ನಿಲ್ಲಪ್ಪ. ಮೌನ ಮುಗಿದ ಮೇಲೆ ನನ್ನ ಹತ್ತಿರ ಬಂದು ಉತ್ತರ ತೆಗೆದುಕೊಂಡು ಹೋಗು. ಮೇಡಂಗೆ ಇವತ್ತೇ ಮುಟ್ಟಬೇಕು — ಪೆಟ್ಟಿಗೆ ಇದ್ದಲ್ಲೇ ಇರಲಿ.