ಬೆಂಚಿನ ಮೇಲೆ ಎಂಟು ಜನ

ಎಂಟು ಜನ! ಎಂಟೇ ಎಂಟು ಜನ ಕಣೇ! ನಲವತ್ತು ವಾರ್ಡಿನ ಆಸ್ಪತ್ರೆ, ಬೆಲ್ ರೂಮಿಗೆ ನಾನು ಮೇಸ್ತ್ರಿ. ರೋಗಿ ಬೆಲ್ ಒತ್ತಿದ ಅಂದ್ರೆ ನೂರು ಎಣಿಸೋದ್ರೊಳಗೆ ಆಳು ಹೋಗಿ ಮುಂದೆ ನಿಂತಿರೋನು. ಒಂದೇ ಒಂದು ಸಲ ತಪ್ಪಿಲ್ಲ! ಬೇಕಾದ್ರೆ ಆ ಎಂಟು ಜನರನ್ನೇ ಕೇಳು... ಹಾಂ, ಕೇಳೋಕಾಗಲ್ಲ. ಒಬ್ಬೊಬ್ಬರಾಗಿ ಎಲ್ಲಾ ಹೋದ್ರು. ಆ ಬೆಲ್ ಬೋರ್ಡೂ ಗುಜರಿಗೆ ಹೋಯ್ತು. ಉಳಿದಿರೋದು ನಿಮ್ಮ ತಾತ ನಾನೊಬ್ಬನೇ, ನಾನು ಹೇಳಿದ್ದೇ ಸರಿ.

ಯಾಕೆ ನಗ್ತೀಯ? ನಗೋ ಕಾಲವಾ ನಿಂದು? ಆ ಹೊಸ ಆಸ್ಪತ್ರೆ ಬೆಲ್‌ಗೆಲ್ಲಾ ನಾನೇ ಪ್ರೋಗ್ರಾಂ ಬರೆದೆ ಅಂತ ಮೊನ್ನೆ ಮೆರೆದೆಯಲ್ಲ, ಈ ವಾರ ಎರಡು ಸಲ ಕಲ್ಲಾಗಿ ಕೂತಿದೆ. ರೋಗಿ ಒತ್ತಿದ್ದೇ ಒತ್ತಿದ್ದು, ಒಬ್ಬ ನರ್ಸಿಗೂ ಗೊತ್ತಾಗಿಲ್ಲ! ನಾಳೆ ಬೆಳಿಗ್ಗೆ ಸರಿಮಾಡಿ ತೋರಿಸದಿದ್ರೆ ಕೆಲಸ ಇನ್ಯಾರಿಗೋ ಹೋಗತ್ತೆ. ನೀನೇ ತಾನೇ ಅತ್ಕೊಂಡು ಹೇಳಿದ್ದು?

ತಾ ಇಲ್ಲಿ ಆ ಕಾಗದ. ಥೂ! ಇದೇನಿದು? ಪ್ರೋಗ್ರಾಂ ಒಳಗೂ ಆಳುಗಳಾ? ಒಂದೊಂದು ಬೆಲ್‌ಗೂ ಒಬ್ಬೊಬ್ಬ ಹೊಸ ಆಳಾ? ಆಳು ಅಂದ್ರೆ ಏನು ಅಣಬೆಯಾ, ಹನಿ ಬಿದ್ದ ಹಾಗೆ ಏಳೋಕೆ?... ಅದು ಹಳೇದಾ? ಈಗ ನೀನೂ ಎಂಟೇ ಇಟ್ಟಿದೀಯಾ? ಹಾಗೆ ಹೇಳು. ಬಂದೆ ನೋಡು ದಾರಿಗೆ!

ನಮ್ಮದೂ ಹಾಗೇ. ಒಂದು ಬೆಂಚು. ಬೋರ್ಡಲ್ಲಿ ಬಲ್ಬು ಹತ್ತತ್ತೆ, ನಾನು ನಂಬರ್ ಕೂಗ್ತೀನಿ, ತುದೀಲಿರೋನು ಎದ್ದು ಓಡ್ತಾನೆ. ಬಂದವನು ಹಿಂದುಗಡೆ ಕೂರ್ತಾನೆ. ಯಾರಿಗೆ ಯಾವ ವಾರ್ಡು ಅಂತ ಹಣೇಲಿ ಬರೆದಿರಲಿಲ್ಲ. ಕೈ ಖಾಲಿ ಇದ್ದೋನೇ ಹೋಗಬೇಕು. ಅವರಲ್ಲಿ ಗೂಳಿ ಅಂತ ಒಬ್ಬ... ರೋಗೀನ ಮಂಚದ ಸಮೇತ ಹೆಗಲ ಮೇಲಿಟ್ಟು ಮೂರು ಮಹಡಿ ಹತ್ತಿದ್ರೂ ರೋಗಿ ಗೊರಕೆ ನಿಲ್ತಿರಲಿಲ್ಲ! ಸುಳ್ಳಲ್ಲ ಕಣೇ!

ನಿಧಾನ, ನಿಧಾನ. ಕೇಳೋ ಮೊದಲೇ ಗೀಚ್ತೀಯ. ನಿಮ್ಮಮ್ಮಂದೇ ಬುದ್ಧಿ. ಅವಳಿಗೂ ಅವಸರ, ಹೆರಿಗೆ ಕೋಣೆ ತನಕ ತಡೀಲಿಲ್ಲ, ಲಿಫ್ಟಲ್ಲೇ ಹುಟ್ಟಿಬಿಟ್ಟಳು. ನಮ್ಮ ಆಸ್ಪತ್ರೇಲೇ! ಎಲ್ಲರೂ ಎಷ್ಟು ನಕ್ಕಿದ್ರು...

ಏನಂದೆ? ಸ್ಟ್ರೆಚರ್ ಎತ್ತೋಕೆ ಇಬ್ಬರು ಬೇಕಾದ್ರೆ? ಅಷ್ಟೂ ಗೊತ್ತಿಲ್ವಾ! ಹೋದವನು ಅಲ್ಲೇ ನಿಂತು, ಅಲ್ಲಿಂದಲೇ ಬೆಲ್ ಒತ್ತಬೇಕು. ಇನ್ನೊಬ್ಬ ಬರ್ತಾನೆ. ಬರೋ ತನಕ ಜಾಗ ಬಿಟ್ಟು ಕದಲಬಾರದು. ಅದು ನನ್ನ ಕಾನೂನು!

ಇದೇನು, ಎಂಟಕ್ಕೂ ಗೆರೆ ಎಳೆದೆ?... ಎಂಟೂ ಜನ ಒಟ್ಟಿಗೇ ಸ್ಟ್ರೆಚರ್‌ಗೇ ಹೋದ್ರೆ? ಎಂಟೂ ಜನ ಬೆಲ್ ಒತ್ತಿ ಇನ್ನೊಬ್ಬನಿಗೆ ಕಾಯ್ತಾ ನಿಂತ್ರೆ? ಬೆಂಚಲ್ಲಿ ಯಾರು ಅಂತಾನಾ?

ಹಾಗಾಗಲ್ಲ. ಹಾಗೆಲ್ಲಾ... ಜನ್ಮಕ್ಕೊಂದು ಸಲ.

ಅದಕ್ಕೇ ಆಮೇಲೆ ಕಾನೂನು ಬದಲಾಯಿಸಿದೆ. ಇಬ್ಬರ ಕೆಲಸ ಅಂತ ಗೊತ್ತಾದ್ರೆ ಅಲ್ಲಿ ನಿಲ್ಲಬೇಡ, ವಾಪಸ್ ಬಾ, ಬೆಂಚಲ್ಲಿ ಕೂರು, ಇಬ್ಬರು ಸಿಕ್ಕಾಗ ಜೋಡಿಯಾಗಿ ಹೋಗಿ. ಕಾಯ್ತಾ ನಿಂತ ಆಳು ಆಳಲ್ಲ, ಕಂಬ! ಹಾಂ? ನಿನ್ನ ಎಂಟು ಜನಾನೂ ಹಾಗೇ ಕಂಬ ಆಗಿದಾರಾ? ಒಬ್ಬರ ದಾರಿ ಇನ್ನೊಬ್ಬರು ನೋಡ್ತಾ? ಹಹ್ಹಾ! ಅಷ್ಟು ಓದಿ ಅಷ್ಟೇನಾ! ಅಕ್ಷರ ಬರದ ತಾತ ಹೇಳಬೇಕಾಯ್ತು. ಹೊಡೆದು ಹಾಕು ಆ ಗೆರೆಗಳನ್ನ. ಹೂಂ... ಹಾಗೆ. ಎಲ್ಲಾ ಬೆಂಚಿಗೆ ವಾಪಸ್. ಆಯ್ತಲ್ಲ, ನಿನ್ನ ಕೆಲಸ ಉಳೀತು. ಏಳು ಇನ್ನು.

ಏಳು ಅಂದ್ರೆ... ಯಾಕೆ ಹಾಗೆ ನೋಡ್ತೀಯ?

ಯಾವತ್ತು ಬದಲಾಯಿಸಿದ್ದು ಅಂತ ಯಾಕೆ ಬೇಕು ನಿಂಗೆ? ಯಾವತ್ತೋ ಒಂದಿನ. ಪೆನ್ಸಿಲ್ ಕೆಳಗಿಡು. ಒಂಬತ್ತನೇ ಬಲ್ಬು ಯಾಕೆ ಬರೀತೀಯ? ಅದರ ಪಕ್ಕ ಏನದು, ಡಬ್ಬ? ಓ... ಲಿಫ್ಟು.

ಅಳಿಸೇ ಅದನ್ನ. ಹಾಗೆ ದುರುಗುಟ್ಟಬೇಡ, ನಿಮ್ಮಜ್ಜಿ ದುರುಗುಟ್ಟಿದ ಹಾಗೆ.

ಹದಿನೇಳು. ಹದಿನೇಳನೇ ವಾರ್ಡಲ್ಲಿದ್ದಳು ನಿಮ್ಮಜ್ಜಿ, ತುಂಬು ಬಸುರಿ. ಎಂಟು ಬಲ್ಬು ಉರೀತಾನೇ ಇದ್ವು, ಅದರ ಜೊತೆ ಹದಿನೇಳೂ ಹತ್ತಿತು. ಬೆಂಚು ಖಾಲಿ. ಕೂಗಿದೆ... ಬೆಂಚಿಗೇ ಕೂಗಿದೆ. ಕೊನೆಗೆ ಅವಳೇ ಎದ್ದು, ಗೋಡೆ ಹಿಡ್ಕೊಂಡು, ಲಿಫ್ಟಿನ ತನಕ...

ನಾನಾ? ನಾನು ಬೋರ್ಡಿನ ಮುಂದೆ. ಮೇಸ್ತ್ರಿ ಏಳಬಾರದು, ಅದೂ ನನ್ನದೇ ಕಾನೂನು.

ಏನು? ಬೆಲ್‌ಗೆ ನೂರು ಎಣಿಸೋ ಲೆಕ್ಕ ಆವತ್ತು ಎಲ್ಲಿ ಹೋಯ್ತು ಅಂತಾನಾ? ಬಿಡೇ. ಬೋರ್ಡಲ್ಲಿದ್ದದ್ದು ನಲವತ್ತು ನಂಬರು. ಅದರಾಚೆ ಎಣಿಸೋಕೆ ನಂಗೆ ಯಾವತ್ತು ಬರ್ತಿತ್ತು?