ಪಾಡ್ಯದ ದಿನ ವಹಿಯಲ್ಲಿ ಬರೆದ ಮೊದಲ ಸಾಲು

ನನ್ನ ಹೆಸರು ಪ್ರಭಾವತಿ ಕೋಂ ಶಶಿಕುಮಾರ ಹೊಸಮನಿ, ವಯಸ್ಸು 46 ವರ್ಷ, ಉದ್ಯೋಗ ಹೊಲಿಗೆ ಕೆಲಸ, ವಿದ್ಯಾಭ್ಯಾಸ ಹತ್ತನೆಯ ತರಗತಿ, ಸಾಕಿನ ಗೋಕುಲ ರಸ್ತೆ, ಹುಬ್ಬಳ್ಳಿ. ಇಂದು ಬೆಳಿಗ್ಗೆ 11 ಗಂಟೆಗೆ ಯಾರೂ ಕರೆಯದೆ ನಾನಾಗಿಯೇ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ,

ನನ್ನ ಗಂಡ ಶಶಿಕುಮಾರ ಅವರು ತಮ್ಮ ಸ್ವಂತ ಟೆಂಪೋದಲ್ಲಿ ತಾರಿಹಾಳದ ಕಾರ್ಖಾನೆಗಳಿಗೆ ಕೆಲಸಗಾರರನ್ನು ಬಿಟ್ಟು ಬರುತ್ತಿದ್ದರು. ಟೆಂಪೋ 2006ನೇ ಇಸವಿಯದು. ಹಳೆಯ ಗಾಡಿಯಾದ್ದರಿಂದ ಅದಕ್ಕೆ ಯಾವಾಗ ಏನು ಮಾಡಿಸಿದೆವು, ಇನ್ನೂ ಏನು ಉಳಿದಿದೆ ಎಂಬುದನ್ನು ನಾನು ಒಂದು ವಹಿಯಲ್ಲಿ ಬರೆದಿಡುತ್ತಿದ್ದೆ. ಅವರು ಸಂಜೆ ಬಂದು ಕೈ ತೊಳೆಯುತ್ತ ಹೇಳುತ್ತಿದ್ದರು, ನಾನು ಬರೆಯುತ್ತಿದ್ದೆ. ಪ್ರತಿ ರವಿವಾರ ನಾಷ್ಟಾದ ಹೊತ್ತಿಗೆ ಉಳಿದ ಕೆಲಸಗಳನ್ನು ಓದಿ ಹೇಳುತ್ತಿದ್ದೆ. ಓದಿದ್ದನ್ನು ಅವರು ಆ ವಾರದಲ್ಲಿ ಮಾಡಿಸುತ್ತಿದ್ದರು. ತಾವಾಗಿ ನೆನಪಿಟ್ಟುಕೊಳ್ಳುವುದನ್ನು ಎಂದೋ ಬಿಟ್ಟಿದ್ದರು.

ದೀಪಾವಳಿ ಪಾಡ್ಯದ ದಿನ ಗಾಡಿ ಪೂಜೆ ಮಾಡಿ, ಹಳೆಯ ವಹಿ ಮುಚ್ಚಿ ಹೊಸದನ್ನು ತೆಗೆಯುವುದು ನಮ್ಮ ಮನೆಯ ಪದ್ಧತಿ. ಹೊಸ ವಹಿಯ ಮೊದಲ ಸಾಲು ಪ್ರತಿ ವರ್ಷ ಒಂದೇ. 'ಗಾಡಿ ಸುಖರೂಪ ಐತಿ' ಎಂದು ಬರೆದು ಅರಿಷಿಣ ಕುಂಕುಮ ಹಚ್ಚುತ್ತೇವೆ. ಆ ಹಾಳೆಯಲ್ಲಿ ಕೆಟ್ಟಿದ್ದು, ಒಡೆದಿದ್ದು ಬರೆಯಬಾರದೆಂದು ನನ್ನ ಗಂಡ ಹೇಳುತ್ತಿದ್ದರು.

ಈ ವರ್ಷ ಪಾಡ್ಯ ದಿನಾಂಕ 22-10-2025 ರಂದು ಬಂದಿತ್ತು. ಅಂದು ಬೆಳಿಗ್ಗೆ ಸುಮಾರು 9 ಗಂಟೆಗೆ ಟೆಂಪೋ ತೊಳೆಸಿಕೊಂಡು ಬರುವಾಗ ನಾವಿಬ್ಬರೂ ಶಾಬುದ್ದೀನ ಮಿಸ್ತ್ರಿಯವರ ಗ್ಯಾರೇಜಿಗೆ ಹೋದೆವು. ಬಹಳ ವರ್ಷಗಳಿಂದ ನಮ್ಮ ಗಾಡಿ ನೋಡುತ್ತ ಬಂದವರು ಅವರೇ. ಶಾಬುದ್ದೀನ ಅವರು ಗಾಡಿಯ ಕೆಳಗೆ ಮಲಗಿ ನೋಡಿ, ಎದ್ದು ಬಂದು, ಹಿಂದಿನ ಎಡಗಾಲಿಯಲ್ಲಿ ಬ್ರೇಕ್ ಆಯಿಲ್ ಒಸರುತ್ತಿದೆ, ವಾಷರ್ ಬದಲಿಸಬೇಕು, ಹಬ್ಬಕ್ಕೆ ಸಾಮಾನಿನ ಅಂಗಡಿಗಳು ಬಂದ್ ಆಗಿವೆ ಎಂದು ಹೇಳಿ, ಆಯಿಲ್ ಮಾತ್ರ ತುಂಬಿಸಿಕೊಟ್ಟರು. "ಶಶಿ ಅಣ್ಣಾ, ಇದು ಎರಡ ದಿನದ ಮಾತ. ಅಂಗಡಿ ತಗದ ಕೂಡಲೇ ಬರ್ರಿ. ಅಲ್ಲೀತನಾ ಇಳಿಜಾರಿನ್ಯಾಗ ಜೋರ ಬಿಡಬ್ಯಾಡ್ರಿ" ಎಂದು ಎರಡು ಸಲ ಹೇಳಿದರು. ಹಬ್ಬದ ದಿನ ಅಪಶಕುನ ನುಡಿಯಬೇಡ ಎಂದು ನನ್ನ ಗಂಡ ಅಂದರು. ಅದಕ್ಕೆ ಶಾಬುದ್ದೀನ ಅವರು, "ಗಾಡಿಗೆ ಕಾಯಿ ಒಡೀತೀರಲ್ಲ, ಆ ವಾಷರಿಗೂ ಒಂದ ಒಡೀರಿ, ಅದಾದ್ರೂ ತಡದೀತು" ಎಂದರು. "ಆ ಕಾಯಿ ನಿನ್ನ ಬಿಲ್ಲಿನ್ಯಾಗ ಹಿಡಕೋಳೋ" ಎಂದು ನನ್ನ ಗಂಡ ಅಂದರು. ಇಬ್ಬರೂ ನಕ್ಕರು. ನಾನು ಪೂಜೆಯ ಹೂವನ್ನು ಉಡಿಯಲ್ಲಿಟ್ಟುಕೊಂಡು ಮುಂದಿನ ಸೀಟಿನಲ್ಲಿ ಕುಳಿತಿದ್ದೆ. ನಾನೂ ನಕ್ಕೆ.

ಮನೆಗೆ ಬಂದು ಪೂಜೆ ಆದ ಮೇಲೆ ಹೊಸ ವಹಿಯಲ್ಲಿ ಮೊದಲ ಸಾಲು ಬರೆದೆ. ಅದರ ಕೆಳಗೆ 'ಶಾಬುದ್ದೀನ ಗ್ಯಾರೇಜ್, ಬ್ರೇಕ್ ನೋಡಿಸಿದ್ದು' ಎಂದು ಬರೆದು, ವಾಷರಿನ ವಿಷಯ ಬರೆಯಲು ಹೊರಟಾಗ ನನ್ನ ಗಂಡ ಹಾಳೆಯ ಮೇಲೆ ಕೈ ಇಟ್ಟರು. "ಪ್ರಭಾ, ಮೊದಲನೇ ಹಾಳ್ಯಾಗ ಸೋರತೈತಿ ಅಂತ ಬರದರ ವರ್ಷಪೂರ್ತಿ ಸೋರತೈತಿ. ನಾಳಿ ಬರಿ" ಎಂದರು. ನಾನು ವಹಿ ಮುಚ್ಚಿದೆ. ಮರುದಿನ ಎರಡನೆಯ ಹಾಳೆಯಲ್ಲಿ ಡೀಸೆಲ್ ಬರೆದೆ, ಪಂಕ್ಚರ್ ಬರೆದೆ. ವಾಷರ್ ಬರೆಯುವುದು ಉಳಿಯಿತು.

ರವಿವಾರ 26ರಂದು ಓದಿದಾಗ ವೈಪರ್ ಒಂದೇ ಉಳಿದಿತ್ತು. ಅದನ್ನು ಹಾಕಿಸಿದರು. ರವಿವಾರ 2-11-2025 ರಂದು ಸುಸಲಾ ತಿನ್ನುತ್ತ, ಏನೇನು ಉಳಿದಿದೆ ಓದು ಎಂದು ಕೇಳಿದರು. ಏನೂ ಉಳಿದಿಲ್ಲ ಎಂದು ಹೇಳಿದೆ. "ಹಂಗಾರ ಈ ವಾರ ಶಾಬುದ್ದೀನಗ ಉಪವಾಸ" ಎಂದು ನಕ್ಕು ಇನ್ನಷ್ಟು ಸುಸಲಾ ಹಾಕಿಸಿಕೊಂಡರು.

ಮರುದಿನ ಬೆಳಿಗ್ಗೆ 7-15ರ ಸುಮಾರಿಗೆ ಕೆಲಸಗಾರರನ್ನು ಇಳಿಸಿ ಒಬ್ಬರೇ ಮರಳುವಾಗ, ತಾರಿಹಾಳದ ಇಳಿಜಾರಿನಲ್ಲಿ ಬ್ರೇಕ್ ಹಿಡಿಯದೆ, ನಿಂತಿದ್ದ ಲಾರಿಯ ಹಿಂಭಾಗಕ್ಕೆ ಟೆಂಪೋ ಬಡಿಯಿತು. ವಿದ್ಯಾನಗರದ ಆಸ್ಪತ್ರೆಯಲ್ಲಿ ಮಧ್ಯಾಹ್ನ ತೀರಿಕೊಂಡರು. ನಾನು ತಲುಪಿದಾಗ ಮಾತು ನಿಂತಿತ್ತು.

ನನ್ನ ಮೈದುನ ಪ್ರತಾಪ ಅವರು ಮನೆಯಲ್ಲಿದ್ದ ವಹಿಯನ್ನು ತಂದು ತಮಗೆ ತೋರಿಸಿ, ಬ್ರೇಕ್ ನೋಡಿ ಗಾಡಿ ಸರಿಯಿದೆ ಎಂದು ಮಿಸ್ತ್ರಿ ಸುಳ್ಳು ಹೇಳಿದ್ದಾನೆಂದು ದೂರು ಕೊಟ್ಟಿರುತ್ತಾರೆ. ಅದರ ಮೇಲೆ ಶಾಬುದ್ದೀನ ಅವರನ್ನು ಹಿಡಿದು ತಂದಿದ್ದೀರಿ. ವಹಿಯ ಆ ಎರಡು ಸಾಲುಗಳಿಗೆ ಒಂದಕ್ಕೊಂದು ಸಂಬಂಧವಿಲ್ಲ. ಸುಖರೂಪ ಎಂಬುದು ಶಾಬುದ್ದೀನ ಅವರ ಮಾತಲ್ಲ. ಅದು ನಮ್ಮ ಪೂಜೆಯ ಸಾಲು. ಗಾಡಿಗೆ ಗಾಲಿಯೇ ಇರದಿದ್ದರೂ ಆ ದಿನ ನಾನು ಅದನ್ನೇ ಬರೆಯುತ್ತಿದ್ದೆ.

ನಿನ್ನೆ ಸಂಜೆ ಇದನ್ನು ಪ್ರತಾಪನಿಗೆ ಹೇಳಿದೆ. "ವೈನಿ, ಅಣ್ಣಗ ಮಣ್ಣ ಕೊಟ್ಟ ಇನ್ನೂ ವಾರ ಆಗಿಲ್ಲ. ಗೊತ್ತಿದ್ದೂ ಗಾಡಿ ಹೊಡದಾ ಅಂತ ಕಾಗದದಾಗ ಬರಸ್ತೀರೇನ್ರಿ? ಸುಮ್ನಿರ್ರಿ, ಮಿಸ್ತ್ರಿಗೆ ಹೆಂಗೂ ಜಾಮೀನ ಆಕ್ಕೈತಿ" ಎಂದ. ಜಾಮೀನು ಸಿಕ್ಕರೂ ಆ ಗ್ಯಾರೇಜಿಗೆ ಯಾರು ಗಾಡಿ ತರುತ್ತಾರೆ ಎಂದು ನಾನು ಕೇಳಿದೆ. ಅವನು ಚಹಾ ಕುಡಿಯದೆ ಎದ್ದು ಹೋದ.

ಈ ಹೇಳಿಕೆಯಿಂದ ತಪ್ಪು ನನ್ನ ಗಂಡನ ಮೇಲೆ ಬರುತ್ತದೆ, ವಿಮೆಯ ಪರಿಹಾರಕ್ಕೂ ತೊಂದರೆ ಆಗಬಹುದು ಎಂದು, ಹೇಳಿಕೆ ಬರೆದುಕೊಳ್ಳುವ ಮುಂಚೆಯೇ ಠಾಣೆಯವರು ನನಗೆ ತಿಳಿಸಿದ್ದಾರೆ. ಶಾಬುದ್ದೀನ ಅವರು ಹೇಳಬೇಕಾದ್ದನ್ನು ಹೇಳಿದ್ದರು. ಅವರ ಮೇಲೆ ನನ್ನದೇನೂ ದೂರಿಲ್ಲ. ಅವರನ್ನು ಬಿಡಬೇಕೆಂದು ಕೇಳಿಕೊಳ್ಳುತ್ತೇನೆ.

ಬರೆದುಕೊಂಡದ್ದನ್ನು ಹೆಡ್ ಕಾನ್‌ಸ್ಟೆಬಲ್ ರಾಜಶೇಖರ ಅವರು ನನಗೆ ಓದಿ ಹೇಳಿದರು. ಕೊನೆಗೆ, ಬ್ರೇಕಿನ ದೋಷ ಮೃತರಿಗೆ ಗೊತ್ತಿತ್ತು ಎಂದಿತ್ತು. ಅಲ್ಲಿ 'ಮತ್ತು ನನಗೆ' ಎಂದು ಸೇರಿಸಲು ಹೇಳಿದೆ. "ಅದು ಬೇಕಾಗಿಲ್ರಿ ಅಕ್ಕಾರ, ನೀವೇನ ಗಾಡಿ ಹೊಡದಿಲ್ಲ" ಎಂದು ಅವರು ಅಂದರು. ನನ್ನ ಗಂಡನಿಗೆ ನೆನಪಿರುತ್ತಿದ್ದುದು ನಾನು ಓದಿದಷ್ಟೇ ಎಂದು ಹೇಳಿದೆ. ಅವರು ಸೇರಿಸಿದರು. ಆ ಮಾತಿನ ಪಕ್ಕದಲ್ಲಿ ಒಂದು, ಕೆಳಗೆ ಒಂದು ಸಹಿ ಮಾಡಿದ್ದೇನೆ. ಈಗ ಇದರಲ್ಲಿ ಬರೆದದ್ದೆಲ್ಲ ಖರೆ ಇದೆ, ಬಿಟ್ಟದ್ದು ಏನೂ ಇಲ್ಲ.

ಸ್ಥಳ: ಹುಬ್ಬಳ್ಳಿ
ದಿನಾಂಕ: 8-11-2025
(ಸಹಿ) ಪ್ರಭಾವತಿ ಶ. ಹೊಸಮನಿ