ಬೆಳ್ಳಿಯ ಮುಂದೆ ನಡೆದದ್ದು

ಹತ್ತಿರ ಬನ್ನಿ, ಜೋರಾಗಿ ಹೇಳೋ ವಿಷಯ ಅಲ್ಲ ಇದು. ನನ್ನ ಸೋದರತ್ತೆ ಮಗ ವಿನೋದ ಒಂದು ರಾತ್ರಿ ಹೊಸನಗರದ ಹತ್ತಿರ, ಆಲದ ಮರ ದಾಟಿ ಹಾಳುಬಾವಿ ಕಡೆಗೆ, ಒಂದು ಕುದುರೆನ ನಡೆಸ್ಕೊಂಡು ಹೋಗ್ತಿದ್ದ. ಕುದುರೆ ಸಾಯ್ತಾ ಇತ್ತು...

ವಿನೋದ ಮೊದಲು ಜಾಕಿ ಆಗಿದ್ದ. ರೇಸ್ ಕುದುರೆ ಓಡಿಸೋನು. ಬೆಳ್ಳಿ ಅಂತ ಬಿಳಿ ಹೆಣ್ಣುಕುದುರೆ, ಇವನು ಮೇಲೆ ಕೂತ್ರೆ ಗೆದ್ದೇ ಬರೋಳು. ಚಾಂಪಿಯನ್ನು. ಅವಳಲ್ಲಿ ಅಂಥದ್ದೇನಿದೆಯೋ, ಕಾಲಿನ ಬಲಾನಾ ಅಂತ ನಾನೊಮ್ಮೆ ಕೇಳಿದ್ದೆ.

"ಕಾಲು ಎಲ್ಲಕ್ಕೂ ಇರತ್ತೆ," ಅಂದ. "ಗುಂಡಿಗೆ ದೊಡ್ಡದಿರಬೇಕು ಅಂತಾರೆ, ಅದೂ ಹೌದು. ಆದ್ರೆ ಇವಳಿಗೆ, ಮುಂದೆ ಇನ್ನೊಂದು ಕುದುರೆ ಇದ್ರೆ ತಡ್ಕೊಳ್ಳಕ್ಕಾಗಲ್ಲ. ಪ್ರಾಣ ಹೋದ್ರೂ ಅದನ್ನ ಹಿಡೀಬೇಕು. ಅದನ್ನ ಯಾರೂ ಕಲಿಸಿದ್ದಲ್ಲ ಕಣೋ."

ಕೊನೇ ರೇಸಲ್ಲಿ ಮುಂದಿದ್ದದ್ದು ಬಾದಲ್ ಅನ್ನೋ ಕುದುರೆ. ಲಾಯದಲ್ಲಿ ಬೆಳ್ಳಿ ಪಕ್ಕದಲ್ಲೇ ಕಟ್ಟೋರು ಅದನ್ನ. ಬೆಳ್ಳಿ ಹಿಂದಿನಿಂದ ಒತ್ಕೊಂಡು ಬಂದ್ಳು. ಬಾದಲ್ ಇನ್ನೂ ಜೋರು ಮಾಡ್ತು... ಚಟ್. ಒಣಗಿದ ಕೋಲು ಮುರಿದ ಹಾಗೆ. ಮುಂಗಾಲು ಹೋಗಿತ್ತು. ಆದರೂ ಅದು ನಿಲ್ಲಲಿಲ್ಲ. ಮುರಿದ ಕಾಲು ಎಳ್ಕೊಂಡೇ ಮುಂದೆ ಹೋಯ್ತು. ಸಂಜೆ ಇಂಜೆಕ್ಷನ್ ಕೊಟ್ಟು ಸಾಯಿಸಿಬಿಟ್ರು.

ಆಮೇಲೆ ಬೆಳ್ಳಿ ಓಡಲೇ ಇಲ್ಲ. ಗೇಟು ತೆಗೆದರೂ ನಿಂತಲ್ಲೇ ನಿಲ್ಲೋಳು. ಯಾರಿಗೂ ಬೇಡವಾದ ಅವಳನ್ನ ವಿನೋದ ಊರಿಗೆ ಕರ್ಕೊಂಡು ಬಂದ. ರೇಸೂ ಬಿಟ್ಟ.

ಹೋದ ವರ್ಷ ಒಂದು ರಾತ್ರಿ ಅವಳಿಗೆ ಹೊಟ್ಟೆನೋವು ಶುರುವಾಯ್ತು. ಕುದುರೆಗೆ ವಾಂತಿ ಆಗಲ್ಲ, ಗೊತ್ತಲ್ಲ? ಒಳಗೆ ಸಿಕ್ಕಿಕೊಂಡಿದ್ದು ಒಳಗೇ. ಹೊಟ್ಟೆ ಉಬ್ಬಿ, ಮೈಯೆಲ್ಲ ಬೆವರು. ದನದ ಡಾಕ್ಟ್ರು ನಾರಾಯಣಮೂರ್ತಿ ಕೆಳದಿ ಹತ್ರ ಒಂದು ಹಸುವಿನ ಹೆರಿಗೇಲಿದ್ರು. ಕರು ಅಡ್ಡ ನಿಂತಿತ್ತು, ಬಿಟ್ಟು ಬರೋ ಹಾಗಿಲ್ಲ.

"ನಡೆಸ್ತಾ ಇರಿ," ಅಂದ್ರು ಫೋನಲ್ಲಿ. "ಮಲಗಿ ಹೊರಳಾಡಿದ್ರೆ ಕರುಳು ತಿರುಚ್ಕೊಳ್ಳತ್ತೆ. ಆಮೇಲೆ ನಾನು ಬಂದೂ ಉಪಯೋಗ ಇಲ್ಲ."

ಹೆರಿಗೆ ಮುಗಿದ ಕೂಡ್ಲೇ ಅವರನ್ನ ಕರ್ಕೊಂಡು ಬರೋಣ ಅಂತ ನಾನು ಬೈಕ್ ಹತ್ತಿದೆ. ವಿನೋದ ಒಬ್ಬನೇ ಹಗ್ಗ ಹಿಡ್ಕೊಂಡು ರಸ್ತೆಗಿಳಿದ. ಇಲ್ಲಿಂದ ಮುಂದಿನದು ಅವನ ಬಾಯಿಂದಲೇ ನಾನು ಕೇಳಿದ್ದು.

ಆಲದ ಮರದ ತನಕ ಹೇಗೋ ಬಂದ್ಳಂತೆ. ಅಲ್ಲಿ ಮುಂಗಾಲು ಮಡಿಸಿದಳು.

"ಏಳೇ... ಏಳೇ ತಾಯಿ..."

ಹಗ್ಗ ಜಗ್ಗಿದ. ಭುಜ ಕೊಟ್ಟು ನೂಕಿದ. ಎಂದೂ ಹೊಡೆದವನಲ್ಲ, ಅವತ್ತು ಹೊಡೆದ. ಹೊಡೆದು ಅಳೋಕೆ ಶುರು ಮಾಡಿದ. ಅವಳು ಕಿವಿ ಇಳಿಬಿಟ್ಟು ಹಲ್ಲು ಕಡೀತಿದ್ಳು. ಕರ್... ಕರ್...

ಆಗ ಮುಂದೆ ಕತ್ತಲಲ್ಲಿ ಒಂದು ಸದ್ದು.

ಠಣ್... ಠಣ್... ಠಣ್... ಸ್ಸರ್ರ್.

ಲಾಳದ ಸದ್ದು. ಬೆಳ್ಳಿಗೆ ಲಾಳ ಇಲ್ಲ, ಊರಿಗೆ ತಂದಾಗಲೇ ತೆಗೆಸಿದ್ದ. ನಮ್ಮ ಸುತ್ತಮುತ್ತ ಬೇರೆ ಕುದುರೇನೇ ಇಲ್ಲ. ಮೂರು ಹೆಜ್ಜೆ, ಆಮೇಲೆ ಒಂದು ಕಾಲು ಟಾರಿನ ಮೇಲೆ ಎಳೆದ ಹಾಗೆ... ಆ ಸದ್ದು ಯಾರದು ಅಂತ ವಿನೋದನಿಗೆ ಯಾರೂ ಹೇಳಬೇಕಿರಲಿಲ್ಲ. ಕೈಲಿದ್ದ ಹಗ್ಗ ಬಿಟ್ಟು ಓಡಿಬಿಡೋಣ ಅನ್ನಿಸ್ತಂತೆ.

ಬೆಳ್ಳಿ ಕಿವಿ ನಿಮಿರಿತು. ಎದ್ದಳು. ಇವನನ್ನೇ ಎಳ್ಕೊಂಡು ಹೊರಟಳು.

ಟಾರ್ಚ್ ಹಾಕಿದ. ರಸ್ತೆ ಖಾಲಿ. ಬೆಳಕು ಬಿದ್ದಲ್ಲಿಂದ ಸ್ವಲ್ಪ ಆಚೆಗೇ ಸದ್ದು. ಇವರು ನಿಧಾನ ಮಾಡಿದ್ರೆ ಅದೂ ನಿಧಾನ. ಟಾರ್ಚ್ ಆರಿಸಿಬಿಟ್ಟ. ನೋಡದೆ ಇರೋದೇ ವಾಸಿ ಅಂತ.

ಬಾವಿ ಹತ್ತಿರ ಸದ್ದು ನಿಂತುಹೋಯ್ತು.

ಏನೂ ಇಲ್ಲ. ಜೀರುಂಡೆ ಕೂಡ ಇಲ್ಲ. ಬೆಳ್ಳಿ ತೂಗಾಡಿದಳು. ಹಿಂಗಾಲು ಕುಸೀತಾ ಬಂತು. ವಿನೋದನಿಗೆ ಭಯ ಅನ್ನೋದೇ ಮರೆತುಹೋಯ್ತು. ಕತ್ತಲಿಗೆ ಕೈ ಮುಗಿದ.

"ನಿಲ್ಬೇಡ ಮಾರಾಯ... ನಿನಗೆ ನೋವಿದೆ, ನಂಗೊತ್ತು. ಅವತ್ತೂ ನಿನ್ನ ಓಡಿಸಿದ್ದು ನಾವೇ... ಆದ್ರೂ ನಿಲ್ಬೇಡ. ಇವಳಿಗೆ ಬೇರೆ ಯಾರೂ ಇಲ್ಲ..."

ಬೆಳ್ಳಿ ಮೈಗೆ ಭುಜ ಕೊಟ್ಟು ನಿಂತ. ಆಮೇಲೆ, ಪ್ರ್‌ರ್‌ರ್... ಕುದುರೆ ಮೂಗರಳಿಸಿ ಉಸಿರು ಬಿಟ್ಟ ಸದ್ದು. ತೀರಾ ಹತ್ತಿರದಲ್ಲಿ.

ಠಣ್... ಠಣ್... ಠಣ್... ಸ್ಸರ್ರ್.

ಬಾವಿ ಸುತ್ತಿ ಮನೆ ಕಡೆಗೆ ತಿರುಗಿ ರಾತ್ರಿಯೆಲ್ಲ ನಡೆದರು. ಬೆಳಗಿನ ಜಾವ ಬೆಳ್ಳಿ ಆ ಸದ್ದನ್ನ ಹಿಡಿದೇಬಿಟ್ಟಳು. ಈಗ ದಾಟ್ತಾಳೆ ಅಂದ್ಕೊಂಡ ವಿನೋದ. ದಾಟಲಿಲ್ಲ. ಅದರ ಕುಂಟು ನಡಿಗೆಗೆ ಸರಿಯಾಗಿ ತನ್ನ ಹೆಜ್ಜೆ ಸಣ್ಣ ಮಾಡ್ಕೊಂಡು ಪಕ್ಕದಲ್ಲೇ ನಡೆದಳು. ಅವಳ ಎಡಕ್ಕೆ ಇವನು. ಬಲಕ್ಕೆ ಅದು. "ಬಲಕ್ಕೆ ನಾನು ತಿರುಗಿ ನೋಡಲಿಲ್ಲ ಕಣೋ" ಅಂತ ಈಗಲೂ ಹೇಳ್ತಾನೆ ವಿನೋದ.

ನಾನೂ ಡಾಕ್ಟ್ರೂ ಬರೋವಾಗ ನಸುಕು ಹರಿದಿತ್ತು. ಬೆಳ್ಳಿ ಆಗಷ್ಟೇ ಲದ್ದಿ ಹಾಕಿ ಮನೆ ಮುಂದೆ ನಿಂತಿದ್ದಳು. ವಿನೋದನ ತುಟಿ ಬಿಳುಚಿಕೊಂಡಿತ್ತು. ಡಾಕ್ಟ್ರು ಹೊಟ್ಟೆಗೆ ಕಿವಿ ಕೊಟ್ಟು ಕೇಳಿದರು.

"ಕರುಳು ಓಡ್ತಾ ಇದೆ. ಬದುಕಿಕೊಂಡ್ಲು. ಸ್ವಲ್ಪ ನೀರು ಕೊಡಿ."

ನಾನೇ ಬಕೆಟ್ ತುಂಬಿಸಿ ತಂದಿಟ್ಟೆ. ಬೆಳ್ಳಿ ಅರ್ಧ ಕುಡಿದಳು. ಮೂತಿ ಎತ್ತಿದಳು. ಎರಡು ಹೆಜ್ಜೆ ಹಿಂದೆ ಸರಿದು ನಿಂತಳು.

ನಾವು ಮೂರೂ ಜನ ಅಲ್ಲೇ ಇದ್ವಿ. ಯಾರೂ ಬಕೆಟ್ ಮುಟ್ಟಲಿಲ್ಲ. ಡಾಕ್ಟ್ರು ಇವತ್ತಿಗೂ ಸಾಗರದಲ್ಲಿದ್ದಾರೆ, ಬೇಕಾದ್ರೆ ಹೋಗಿ ಕೇಳಿ. ಮೊದಲು ಸದ್ದು ಕೇಳಿಸ್ತು... ಗುಟಕ್... ಗುಟಕ್... ಆಮೇಲೆ ನೀರು ಇಳೀತಾ ಬಂತು. ಬಕೆಟ್ಟಿನ ತಳ ಕಂಡಿದ್ದು ನನ್ನ ಈ ಕಣ್ಣಿಗೇ.